ಮುಡಿ ಕೊಟ್ಟ ಗುಲಾಬಿ

ಕೈಗೆ ಕತ್ತರಿ ಬಂದರೆ ಕೆಲವರಿಗೆ ಧೈರ್ಯ ಬರುತ್ತದಂತೆ. ನನಗೆ ಇದ್ದದ್ದೂ ಹೋಗುತ್ತದೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದರೂ ಅರ್ಧ ಹಾಲು ಅಡುಗೆಕಟ್ಟೆಯ ಪಾಲು. ಮಗಳು ಕೂಸಾಗಿದ್ದಾಗ ಅವಳ ಉಗುರು ತೆಗೆಯುವ ಹೊತ್ತಿಗೆ ನಾನು ಬೀದಿಯಲ್ಲಿರುತ್ತಿದ್ದೆ. ಇಂಥವನ ಕೈಗೆ ಈ ಸಲ ನಮ್ಮ ಮನೆಯ ಗುಲಾಬಿ ಗಿಡ ಸಿಕ್ಕಿಬಿಟ್ಟಿತು.

ಅದು ನನ್ನ ಹೆಂಡತಿ ಗಿರಿಜೆ ಮದುವೆಯ ಹೊಸತರಲ್ಲಿ ಕವಲಂದೆಯ ತವರಿನಿಂದ ಒದ್ದೆ ಗೋಣಿತಾಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಂಜನಗೂಡಿಗೆ ತಂದ ಕಡ್ಡಿ. ದಿನಾ ಬೆಳಿಗ್ಗೆ ಅದರ ಒಂದು ಹೂವು ದೇವರಿಗೆ, ಇನ್ನೊಂದು ಅವಳ ಜಡೆಗೆ. ಅಂಗಡಿಯ ಹೂವನ್ನು ಅವಳು ಮುಟ್ಟುವವಳಲ್ಲ. ಈಚೆಗೆ ಗಿಡ ಕಾಂಪೌಂಡಿನಾಚೆ ಚಾಚಿಕೊಂಡು, ಹೂವು ಅಂಗಿಯ ಗುಂಡಿಯಷ್ಟಾಗಿತ್ತು. ಮಳೆ ನಿಂತ ಮೇಲೆ ಸವರಲೇಬೇಕೆಂದು ಅವಳಿಗೂ ಗೊತ್ತು. "ನನ್ ಕೈಲಾಗಲ್ಲ ಕಣ್ರೀ, ನೀವೇ ಸವರ್ಬುಡಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕವಲಂದೆಗೆ ಫೋನು ಮಾಡಿದೆ. ನಮ್ಮತ್ತೆಗೆ ಅನುಮಾನ ಎಂಬುದೇ ಇಲ್ಲ. "ಅಳಿಯಂದ್ರೇ, ಕನಿಕರ ತೋರ್ಬ್ಯಾಡಿ. ಒಣಗಿದ್ದು, ಒಂದಕ್ಕೊಂದು ಉಜ್ಜೋದು ಎಲ್ಲ ತಗೀರಿ. ಆಚೆಗ್ ಮಕ ಮಾಡಿರೋ ಚಿಗುರ್ನ ಕಣ್ಣಿನ್ ಮ್ಯಾಲೆ ಓರೆಯಾಗ್ ಕತ್ರುಸಿ. ಗಿಡ ಮೊಣಕಾಲ್ ಮಟ್ಟುಕ್ ಇರ್ಲಿ. ಕುಯ್ದಿದ್ ಜಾಗುಕ್ಕೆ ಒಸಿ ಸಗಣಿ ಮೆತ್ತಿ. ಊವು ತಾನಾಗೇ ಬತ್ತದೆ."

ನನಗೆ ಸೊಂಟನೋವು. ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಮಡಿಸಿದ ಮೊಣಕಾಲಿಗೆ ಸಮ ನೋಡಿ ನೋಡಿ ಕತ್ತರಿಸಿದೆ. ಎದ್ದು ನೋಡುತ್ತೇನೆ, ಗಿಡವೇ ಇಲ್ಲ! ನೆಲದಿಂದ ಗೇಣುದ್ದದ ನಾಲ್ಕಾರು ಮುಳ್ಳಿನ ಮೋಟು. ನಮ್ಮ ಬಡಾವಣೆಯಲ್ಲಿ ಸಗಣಿಯೂ ಸಿಗಲಿಲ್ಲ. ಗಾಬರಿಯಲ್ಲಿ ದೇವರ ಮನೆಯ ವಿಭೂತಿಗಟ್ಟಿಯನ್ನೇ ನೀರಿನಲ್ಲಿ ತೇದು ಒಂದೊಂದು ಮೋಟಿನ ತಲೆಗೂ ಹಚ್ಚಿದೆ. ಪಕ್ಕದ ಮನೆಯ ಶಿವಮಲ್ಲಪ್ಪ ಗೋಡೆಯ ಮೇಲಿಂದ ಇಣುಕಿ, "ಏನ್ ಸಾ, ಗಿಡುಕ್ಕೂ ಮುಡಿ ಕೊಡುಸ್ಬುಟ್ರಾ?" ಎಂದರು. ಹೊಳೆಯ ಕಡೆಯಿಂದ ದಿನವೂ ಹರಕೆ ತೀರಿಸಿದ ನುಣ್ಣನೆ ತಲೆಗಳು ಬರುವ ಊರು ನಮ್ಮದು. ಬೇರೆ ಮಾತು ಹೊಳೆಯುವುದಾದರೂ ಹೇಗೆ?

ಮಾರನೆಯ ದಿನದಿಂದ ಗಿರಿಜೆಯ ಜಡೆ ಬರಿದು. ಅದನ್ನು ಕಂಡಾಗಲೆಲ್ಲ ಹೊರಗೆ ಹೋಗಿ ಮೋಟುಗಳನ್ನು ಮುಟ್ಟಿ ನೋಡುತ್ತಿದ್ದೆ. ತವರಿನ ಕಡ್ಡಿಯನ್ನು ಕೊಂದೆನೆಂದೇ ತಿಳಿದೆ.

ಒಂದು ಬೆಳಿಗ್ಗೆ, "ಏನ್ರೀ, ಬನ್ನಿ ಇಲ್ಲಿ!" ಎಂಬ ಕೂಗು. ಓಡಿದೆ. ವಿಭೂತಿಯ ಬಿಳುಪಿಗೆ ತುಸು ಕೆಳಗೆ, ಗಟ್ಟಿ ಸಿಪ್ಪೆಯನ್ನು ಸೀಳಿಕೊಂಡು ಅಕ್ಕಿಕಾಳಿನಷ್ಟು ಕೆಂಪು. ಇನ್ನೊಂದು ಮೋಟಿನಲ್ಲಿ ಇನ್ನೊಂದು. ಅಲ್ಲೇ ಕುಕ್ಕರಿಸಿದೆ. ಈ ಒಣಕಟ್ಟಿಗೆಯೊಳಗೆ ಇಷ್ಟು ಕೆಂಪು ಎಲ್ಲಿತ್ತು? ಕತ್ತರಿಸಿದವನ ಮೇಲೆ ಮುನಿಸೂ ಇಲ್ಲವಲ್ಲ! ನನ್ನ ಕೈ ತಾನಾಗಿ ಮುಗಿದುಕೊಂಡಿತ್ತು. ಗಿರಿಜೆಯ ಕಣ್ಣಲ್ಲಿ ನೀರು. ಆಮೇಲೆ ಬಂದ ಹೂವು ಅಂಗೈ ತುಂಬುವಷ್ಟು ದೊಡ್ಡದು.

ಇವತ್ತು ಕನ್ನಡಿಯ ಮುಂದೆ ಹಣೆಗೆ ವಿಭೂತಿ ಇಟ್ಟುಕೊಂಡೆ. ಹಿಂದೊಮ್ಮೆ ಹರಕೆಗೆಂದು ಹೊಳೆದಂಡೆಯಲ್ಲಿ ಮುಡಿ ಕೊಟ್ಟ ಮೇಲೆ ನನ್ನ ನೆತ್ತಿಯಲ್ಲಿ ಕೂದಲು ಮರಳಲೇ ಇಲ್ಲ. ಯಾರೂ ಇಲ್ಲವೆಂದು ನೋಡಿ, ಬೆರಳಿನಲ್ಲಿ ಉಳಿದಿದ್ದನ್ನು ಅಲ್ಲಿಗೂ ಸವರಿಕೊಂಡೆ. ಕನ್ನಡಿಯಲ್ಲಿ ಹಿಂದಿನಿಂದ ಒಂದು ಗುಲಾಬಿ ಕಂಡಿತು, ಅದರ ಜೊತೆಗೆ ಗಿರಿಜೆಯ ನಗು.

"ಅಲ್ಲಿ ಬೇರು ಅನ್ನೋದೇ ಇಲ್ಲ ಕಣ್ರೀ, ಚಿಗುರೋದೆಲ್ಲಿಂದ?"