ಹೊಸತೊಡಕಿನ ದಿನ ಬಿಚ್ಚಿದ ಪಂಪು

ಯುಗಾದಿಯ ಮಾರನೆಯ ದಿನ ಬೆಳಿಗ್ಗೆ, ಬಿಡದಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ವ್ಯಾಕ್ಯೂಮ್ ಪಂಪು ಗಾಳಿ ಎಳೆಯುವುದನ್ನು ನಿಲ್ಲಿಸಿತು. ಕಾರಿನ ಬಿಡಿಭಾಗ ಜೋಡಿಸಿಡುವ ಟ್ರೇಗಳನ್ನು ಅಲ್ಲಿ ಮಾಡುತ್ತಿದ್ದರು. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅಚ್ಚಿನ ಮೇಲೆ ಹಾಸಿದರೆ, ಕೆಳಗಿನಿಂದ ಪಂಪು ಗಾಳಿ ಎಳೆದು ಹಾಳೆಯನ್ನು ಅಚ್ಚಿಗೆ ಅಂಟಿಸುತ್ತಿತ್ತು. ಪಂಪು ಎಳೆಯದಿದ್ದರೆ ಹಾಳೆ, ನೀರು ಹೆಚ್ಚಾದ ರೊಟ್ಟಿ ಹಿಟ್ಟಿನ ಹಾಗೆ ಸುಮ್ಮನೆ ಜೋತುಬೀಳುವುದು. ಅವತ್ತು ಜೋತುಬಿತ್ತು.

ಹಾಳು ಪಂಪಿಗೆ ಕೆಡುವುದಕ್ಕೆ ಬೇರೆ ದಿನ ಸಿಗಲಿಲ್ಲ. ಅವತ್ತು ಹೊಸತೊಡಕು. ಹೋಳಿಗೆ ತಿಂದ ಬಾಯಿಗೆ ಮಾರನೆಯ ದಿನ ಮಾಂಸದ ಬಾಡೂಟ ಬೀಳದಿದ್ದರೆ ನಮ್ಮ ಸೀಮೆಯಲ್ಲಿ ಹಬ್ಬ ಆದ ಲೆಕ್ಕವೇ ಇಲ್ಲ. ಆದರೆ ಕಾರಿನ ಕಂಪನಿಗೆ ಹೊಸತೊಡಕು ಗೊತ್ತಿಲ್ಲ. ಬೆಂಗಳೂರಿನಿಂದ ಬರುವ ಮಾಲೀಕ ಶೇಷಾದ್ರಿಯವರಿಗೆ ಗೊತ್ತಿತ್ತು, ಆದರೆ ಅವರು ಈರುಳ್ಳಿಯನ್ನೇ ಮುಟ್ಟದವರು. ರಜೆ ಕೊಟ್ಟಿರಲಿಲ್ಲ.

ಫಿಟ್ಟರ್ ಅನಂತರಾಜುವಿನ ಕಷ್ಟ ಉಳಿದವರಿಗಿಂತ ಒಂದು ಕೈ ಹೆಚ್ಚು. ಹೋದ ವರ್ಷ, ಮದುವೆಯಾದ ಮೊದಲ ಹೊಸತೊಡಕಿಗೂ ಇದೇ ಕಾರ್ಖಾನೆಯ ದೆಸೆಯಿಂದ ಅವನು ಕೈಲಾಂಚದ ಮಾವನ ಮನೆಗೆ ಹೋಗಿರಲಿಲ್ಲ. ಮಾವ ಗಂಗಹನುಮಯ್ಯ ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಈ ಸಲ ಮುಂಚೆಯೇ ತವರು ಸೇರಿದ್ದ ಹೆಂಡತಿ ಭಾನುಪ್ರಿಯ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು.

"ಹೊತ್ತು ಮುಳುಗೋದ್ರೊಳಗೆ ಬಂದ್ರೆ ಸರಿ. ಇಲ್ದಿದ್ರೆ ನನ್ನ ಕರ್ಕಂಡೋಗಕೂ ಬರಬ್ಯಾಡಿ."

ಅನಂತರಾಜು ರಜೆ ಕೇಳಿದ. ಪಂಪು ಓಡಿಸಿ ಹೊರಡು, ನಾನು ಬೇಡ ಅನ್ನೋದಿಲ್ಲ ಎಂದ ಮಾಲೀಕರು, ಆಫೀಸಿನೊಳಗೆ ಹೋಗಿ ಪೀಣ್ಯದ ಮೆಕ್ಯಾನಿಕ್ಕಿಗೆ ಫೋನು ಹಚ್ಚಿದರು. ಪೀಣ್ಯದವನಿಗೆ ಕಾಯುವಷ್ಟು ಕೈಲಾಗದವನೇ ನಾನು ಎಂದು ಅನಂತರಾಜುವಿಗೆ ರೇಗಿತು. ಅಂಗಿಯ ತೋಳು ಮಡಚಿದ.

ಮೊದಲು ಎಣ್ಣೆ ಬಸಿದ. ಅದು ಕಪ್ಪಗೆ, ಅಂಟಂಟಾಗಿ, ಇಳಿಯಲು ಮನಸ್ಸಿಲ್ಲದೆ ಇಳಿಯಿತು. ಬೋಲ್ಟು ಸಡಿಲಿಸಿ ಪಕ್ಕದ ಮುಚ್ಚಳ ತೆಗೆದ. ಒಳಗಿನ ದುಂಡನೆಯ ರೋಟರನ್ನು ಎಳೆಗೂಸನ್ನು ಎತ್ತುವಂತೆ ಎರಡೂ ಕೈಯಲ್ಲಿ ಎತ್ತಿಕೊಂಡ. ಅದರ ಸೀಳುಗಳಲ್ಲಿ ಮೂರು ಪಟ್ಟಿಗಳಿರುತ್ತವೆ, ವೇನ್ ಅಂತಾರೆ. ರೋಟರ್ ತಿರುಗುವಾಗ ಅವು ಹೊರಕ್ಕೆ ಸರಿದು ಗೋಡೆ ಸವರಿಕೊಂಡು ಸುತ್ತಿದರೆ ಮಾತ್ರ ಪಂಪು ಗಾಳಿ ಎಳೆಯುತ್ತದೆ. ಇಲ್ಲಿ ಮೂರೂ ಹಳೆ ಎಣ್ಣೆಯ ಜಿಡ್ಡಿಗೆ ಸೀಳಿನೊಳಗೇ ಅಂಟಿಕೊಂಡು ಕೂತಿದ್ದವು. ರೋಗ ಸಿಕ್ಕಿತು.

ಅಲ್ಲಿಂದ ಶುರುವಾಯಿತು ಹಿತೈಷಿಗಳ ಕಾಟ. ಮೆಷೀನು ನಡೆಸುವ ಸ್ವಾಮಿ, ಅವನೂ ಕೈಲಾಂಚದವನೇ, ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕೂತ. ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಗಂಟುಬೀಳುತ್ತೆ, ಸ್ಪ್ಯಾನರು ಕೆಳಗಿಡು ಎಂದು ಬುದ್ಧಿ ಹೇಳಿದ. ಟ್ರೇ ಕತ್ತರಿಸುವ ಕರೀಂ, ಟೀ ಕುಡಿದು ಬರೋಣ ಬಾ ಎಂದು ಮತ್ತೆ ಮತ್ತೆ ಕರೆದ. ಕಸ ಗುಡಿಸುವ ಚಿನ್ನಮ್ಮ, ವೇನ್ ತೊಳೆಯಲು ಇಟ್ಟಿದ್ದ ಸೀಮೆಎಣ್ಣೆ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ಕಕ್ಕಸಿನ ಹಿಂದೆ ಇಟ್ಟು ಬಂದಳು. ಅದನ್ನು ಹುಡುಕಿ ತರುವಷ್ಟರಲ್ಲಿ ಒಂದು ವೇನ್ ಮಾಯ. ಅನಂತರಾಜು ಮೇಜಿನ ಕೆಳಗೆಲ್ಲ ತೆವಳಿದ. ಕೊನೆಗೆ ಅನುಮಾನ ಬಂದು, ಪಕ್ಕದಲ್ಲೇ ಕೂತಿದ್ದ ಕರೀಮನನ್ನು ರಟ್ಟೆ ಹಿಡಿದು ಎಬ್ಬಿಸಿದರೆ, ವೇನ್ ಅವನ ಕೆಳಗಿತ್ತು.

"ನಿನ್ ಕೈಲಿ ಇದಾಗಲ್ಲ ಕಣ್ಲಾ, ಬುಟ್ಬುಡು" ಎಂದ ಸ್ವಾಮಿ.

ಈ ಮಾತು ಆಡಬಾರದಿತ್ತು. ಅನಂತರಾಜು ಎದ್ದು ನಿಂತ. "ಆಗಲ್ವಾ? ಇವತ್ತು ಈ ಪಂಪು ಓಡ್ದಿದ್ರೆ ನಾನು ಗಂಗಹನುಮಯ್ಯನ ಅಳಿಯನೇ ಅಲ್ಲ."

ವೇನ್‌ಗಳನ್ನು ತೊಳೆದ, ಸೀಳು ಕೆರೆದ, ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಜಾರುವವರೆಗೂ ಬಿಡಲಿಲ್ಲ. ಹೊಸ ಎಣ್ಣೆ ತುಂಬಿ, ಮುಚ್ಚಳ ಬಿಗಿದು, ಗುಂಡಿ ಒತ್ತಿದ. ಪಂಪು ಗುರ್ರೆಂದಿತು. ಗೇಜಿನ ಮುಳ್ಳು ಸರಸರನೆ ಸರಿದು, ಎಲ್ಲಿ ನಿಲ್ಲಬೇಕೋ ಅಲ್ಲಿ ಹೋಗಿ ನಿಂತಿತು. ಮಾಲೀಕರ ಮುಖ ಅರಳಿತು. ಉಳಿದವರ ಮುಖ ಮಾತ್ರ ಹುಳ್ಳಗಾಯಿತು. ಹೊಟ್ಟೆಕಿಚ್ಚು ಎಂದುಕೊಂಡ ಅನಂತರಾಜು.

ಕೈತೊಳೆದು ಬಂದು ಹೊರಡುತ್ತೀನಿ ಎಂದಾಗ ಮಾಲೀಕರು ಫೋನು ಕೆಳಗಿಡುತ್ತಿದ್ದರು. ಪಂಪು ಓಡಿದ ಖುಷಿಯಲ್ಲಿ, ಎರಡು ಪಟ್ಟು ಟ್ರೇ ನಾಳೆ ಬೆಳಿಗ್ಗೆಗೇ ಕಳಿಸುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದರು. ಎಲ್ಲರಿಗೂ ಓವರ್‌ಟೈಮು. "ಈಗ ತಾನೆ ಬಿಚ್ಚಿ ಕಟ್ಟಿರೋ ಪಂಪು, ನಡುವೆ ನಿಂತರೆ ನೋಡೋರು ಯಾರಪ್ಪ? ನೀನಂತೂ ಇರಲೇಬೇಕು" ಎಂದರು.

ಹೊರಗೆ ಕರೀಂ ಬೀಡಿ ಹಚ್ಚಿಕೊಂಡು ನಿಂತಿದ್ದ. "ಪಂಪು ರಿಪೇರಿ ಆಗ್ದಿದ್ರೆ ಮಧ್ಯಾಹ್ನವೇ ಬಾಗ್ಲು ಹಾಕ್ತೀನಿ ಅಂತ ಸಾಹೇಬ್ರು ಬೆಳಿಗ್ಗೆ ಫೋನಲ್ಲಿ ಹೇಳ್ತಿದ್ರು. ನಾವೆಲ್ಲ ಕೇಳುಸ್ಕಂಡ್ವಿ. ಆಮೇಲೆ ಅವರು ಆಫೀಸ್ ಬಾಗ್ಲಲ್ಲೇ ನಿಂತಿದ್ರಲ್ಲ, ಅವರ ಮುಂದೆ ಹೇಳಕಾಯ್ತದಾ? ಅದಕ್ಕೇ ನಿನ್ನ ಟೀಗೆ ಕರ್ದಿದ್ದು. ನೀನು ಬರಲಿಲ್ಲ, ನಾನು ವೇನ್ ಮೇಲೆ ಕೂತ್ಕಂಡೆ."

ಮಾತು ಕೊಟ್ಟು ತಪ್ಪಿದ ಮಾಲೀಕರಿಗೆ ಎಂಥ ನಿಯತ್ತು ಎಂದು ಅನಂತರಾಜು ಹಲ್ಲು ಕಡಿದ. ನೆಟ್ಟಗೆ ಒಳಗೆ ಹೋಗಿ, ಯಾರೂ ನೋಡದ ಹಾಗೆ ಪಂಪಿನ ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಮಾಲೀಕರ ಮುಂದೆ ಎದೆ ಸೆಟೆಸಿ ನಿಂತ.

"ಪಂಪು ಸತ್ತೋಯ್ತು ಸಾರ್. ಇನ್ನು ನನ್ ಕೈಲಾಗಲ್ಲ."

ಮಾಲೀಕರು ಬಂದು ಗುಂಡಿ ಒತ್ತಿದರು, ಮತ್ತೆ ಒತ್ತಿದರು, ನಿಟ್ಟುಸಿರು ಬಿಟ್ಟು ಎಲ್ಲರೂ ಮನೆಗೆ ಹೋಗಿ ಎಂದರು. ಬಟ್ಟೆ ಬದಲಿಸಿ ಗೇಟು ದಾಟಲು ಜನಕ್ಕೆ ಎಷ್ಟು ಹೊತ್ತು ಬೇಕು? ಸ್ವಾಮಿ ಅನಂತರಾಜುವಿನ ಬೆನ್ನು ತಟ್ಟಿ ಬೈಕು ಹತ್ತಿದ. ಅನಂತರಾಜುವೂ ತಲೆ ಬಾಚಿಕೊಂಡು ಹೊರಟ.

"ನೀನೆಲ್ಲಿಗೆ?" ಎಂದರು ಮಾಲೀಕರು. "ಪೀಣ್ಯದವನು ಹೊರಟಿದ್ದಾನೆ. ಬಿಚ್ಚಿದವನು ನೀನು. ಏನು ಬಿಚ್ಚಿದೆ, ಹೇಗೆ ಕಟ್ಟಿದೆ ಅಂತ ಅವನಿಗೆ ಹೇಳೋರು ಬೇಡವೇ?"

ಜೇಬಿನಲ್ಲಿದ್ದ ಫ್ಯೂಸುಗಳನ್ನು ತೋರಿಸುವಂತಿಲ್ಲ, ತೋರಿಸದೆ ಹೋಗುವಂತಿಲ್ಲ. ಅವನು ಪಂಪಿನ ಪಕ್ಕ ಕೂತ. ಪೀಣ್ಯದವನು ಬರಲಿಲ್ಲ. ಬಿಸಿಲು ಇಳಿಯಿತು. ಬೈರಮಂಗಲದ ಕಡೆಯಿಂದ ಬೀಸುವ ಗಾಳಿಯಲ್ಲೂ ಮಸಾಲೆ ವಾಸನೆ ಬಂದಂತಾಗಿ ಅವನಿಗೆ ಅಳುವೇ ಬಂತು. ಆಗ ಭಾನುಪ್ರಿಯಳ ಫೋನು ಬಂತು.

"ಸ್ವಾಮಣ್ಣ ನಮ್ಮ ಜಗ್ಲಿ ಮ್ಯಾಲೆ ಕೂತು ಉಣ್ತಾವ್ನೆ. ಮಧ್ಯಾಹ್ನವೇ ಫ್ಯಾಕ್ಟ್ರಿ ಬಾಗ್ಲು ಹಾಕುದ್ರು ಅಂತಾವ್ನೆ. ನೀವೆಲ್ಲಿದ್ದೀರ?"

ಫ್ಯಾಕ್ಟರಿಯಲ್ಲಿದ್ದೇನೆ ಎಂದ. ಬಾಗಿಲು ಹಾಕಿದ ಫ್ಯಾಕ್ಟರಿಯಲ್ಲಿ ಏನು ಕೆಲಸ ಎಂದಳು. ಸತ್ತ ಪಂಪು ಕಾಯುತ್ತಿದ್ದೇನೆ ಎಂದರೆ ಯಾವ ಹೆಂಡತಿ ನಂಬುತ್ತಾಳೆ? ಹೋದ ವರ್ಷವೂ ಹೀಗೇ ಸುಳ್ಳು ಹೇಳಿದ್ದಿರಬೇಕು ನೀವು ಎಂದಳು. ಅನಂತರಾಜುವಿಗೆ ಪಿತ್ತ ನೆತ್ತಿಗೇರಿತು. ಹಸಿದ ಮನುಷ್ಯನನ್ನು ಸುಳ್ಳ ಎನ್ನಬಾರದು.

"ಒಸಿ ತಡಿ. ಕಿವಿಯಾರೆ ಕೇಳು" ಎಂದವನೇ ಫ್ಯೂಸುಗಳನ್ನು ಅವುಗಳ ಜಾಗಕ್ಕೆ ಜಡಿದು, ಗುಂಡಿ ಒತ್ತಿ, ಫೋನನ್ನು ಪಂಪಿಗೆ ಹಿಡಿದ. ಪಂಪು ಶೆಡ್ಡು ನಡುಗುವಂತೆ ಗುರ್ರೆಂದಿತು.

"ಅದ್ಯಾವ ರೈಸ್ ಮಿಲ್ಲಲ್ಲಿ ಕೂತಿದ್ದೀರೋ, ಅಲ್ಲೇ ಇರಿ" ಎಂದು ಭಾನುಪ್ರಿಯ ಫೋನಿಟ್ಟಳು.

ಅನಂತರಾಜು ತಿರುಗಿ ನೋಡಿದರೆ, ಮಾಲೀಕರು ಟಿಫಿನ್ ಡಬ್ಬಿ ಹಿಡಿದುಕೊಂಡೇ ಓಡಿ ಬಂದು ಗೇಜಿನ ಮುಂದೆ ನಿಂತಿದ್ದರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು. ನಿನ್ನಂಥ ಫಿಟ್ಟರ್ ಪೀಣ್ಯದಲ್ಲೂ ಇಲ್ಲ ಎಂದರು. ಆ ಮೆಕ್ಯಾನಿಕ್ಕಿಗೆ ಬರಬೇಡ ಎಂದು ಹೇಳಿಬಿಡುತ್ತೇನೆ, ಬೆಳಗಾಗುವುದರೊಳಗೆ ಆದಷ್ಟು ಟ್ರೇಗಳನ್ನು ನಾವಿಬ್ಬರೇ ತೆಗೆಯೋಣ ಎಂದರು. ಡಬ್ಬಿಯ ಮುಚ್ಚಳಕ್ಕೆ ಅರ್ಧ ಮೊಸರನ್ನ ಬಡಿಸಿ ಅವನ ಮುಂದಿಟ್ಟರು.

"ಉಪ್ಪಿನಕಾಯಿ ಇದೆ, ಹಾಕ್ಕೋ."

ಅನಂತರಾಜು ಹಾಕಿಕೊಂಡ.