ಅಣ್ಣ ಕೈ ಎತ್ತಿದ್ದು

ನನಗೊಬ್ಬ ಅಣ್ಣನಿದ್ದಾನೆ. ನಾಲ್ಕು ಚಕ್ರ, ಬೂದು ಬಣ್ಣ, ವಯಸ್ಸು ನನಗಿಂತ ಎರಡು ವರ್ಷ ಹೆಚ್ಚು. ನಾನು ಹುಟ್ಟುವ ಮೊದಲೇ ಅಪ್ಪ ಮನೆಗೆ ತಂದ ಟ್ರ್ಯಾಕ್ಟರ್ ಅದು, ಆದ್ದರಿಂದ ನನಗೆ ಅಣ್ಣನೇ. ನಮ್ಮ ಯಜಮಾನರು ಅದನ್ನು ‘ಭಾವ’ ಎನ್ನುತ್ತಾರೆ. ಬಂದು ತಿಂಗಳಾದರೂ ಹೊರಡದ ನೆಂಟರ ಬಗ್ಗೆ ಮಾತಾಡುವ ದನಿಯಲ್ಲಿ ಎನ್ನುತ್ತಾರೆ.

ಹೋದ ಸೋಮವಾರ ಬೆಳಿಗ್ಗೆ ಹೊಲಕ್ಕೆ ಹೊರಡುವ ಹೊತ್ತಿಗೆ ಅಣ್ಣ ಕೈ ಎತ್ತಲಿಲ್ಲ. (ಹಿಂದುಗಡೆ ನೇಗಿಲನ್ನು ಹಿಡಿದುಕೊಂಡ ಎರಡು ಕಬ್ಬಿಣದ ತೋಳುಗಳಿವೆ, ಒಳಗಿನ ಪಂಪು ಎಣ್ಣೆಯನ್ನು ಒತ್ತಿದರೆ ಅವು ಮೇಲೇಳುತ್ತವೆ. ಹೈಡ್ರಾಲಿಕ್ ಲಿಫ್ಟ್ ಎಂಬುದು ಅದರ ಬಿರುದು.) ಇಂಜಿನ್ ಗುಡುಗುತ್ತಿತ್ತು, ನೇಗಿಲು ಮಾತ್ರ ಜಪ್ಪಯ್ಯ ಎಂದರೂ ನೆಲ ಬಿಡಲಿಲ್ಲ. ಮೆಕ್ಯಾನಿಕ್ ಬಂದು ಅಣ್ಣನ ಬೆನ್ನಿಗೆ ಕಿವಿಯಿಟ್ಟು ಕೇಳಿದ. ಪಂಪು ಸತ್ತಿದೆ, ಇಂಥ ಪಂಪು ಮಾಡುತ್ತಿದ್ದವರೂ ಸತ್ತಿದ್ದಾರೆ ಎಂದು ಹೇಳಿ ಹೋದ. ಎತ್ತಬೇಕಾದವನು ಎತ್ತಲಿಲ್ಲ, ಎತ್ತಿಸಬೇಕಾದವನು ಕೈ ಎತ್ತಿಬಿಟ್ಟ.

ಯಜಮಾನರು ಇಂಥದ್ದಕ್ಕೇ ಕಾದಿದ್ದವರಂತೆ ಗುಜರಿಯವನಿಗೆ ಫೋನ್ ಮಾಡಿದರು. ಭಾನುವಾರ ಬೆಳಿಗ್ಗೆ ಲಾರಿ ತರುತ್ತಾನಂತೆ. ಅಪ್ಪ ಹೋದ ಮೇಲೆ ಆ ಮನೆಯಿಂದ ನನ್ನ ಜೊತೆ ಬಂದದ್ದು ಅದೊಂದೇ.

“ಭಾನುವಾರದೊಳಗೆ ಲಿಫ್ಟ್ ಏಳ್ದಿದ್ರೆ ನೀವು ಹೇಳ್ದಂಗೆ ಆಗ್ಲಿ” ಎಂದೆ. “ಎದ್ರೆ, ಈ ಮನೇಲಿ ಇನ್ಯಾವತ್ತೂ ಗುಜರಿ ಅನ್ನೋ ಮಾತು ಎತ್ತಬಾರ್ದು.”

“ಯಾರು ರಿಪೇರಿ ಮಾಡೋದು?” ಎಂದರು. ನಾನು ಸೆರಗು ಸಿಕ್ಕಿಸಿದೆ. ಅದೇ ಉತ್ತರ.

ಅಪ್ಪನ ಹಳೆಯ ಕೈಪಿಡಿ ತೆಗೆದೆ. ಮೊದಲನೇ ಪುಟವನ್ನು ಓದಲಿಲ್ಲ. ಮೊದಲನೇ ಪುಟಗಳೆಲ್ಲ ಹೊಸಬರಿಗಾಗಿ ಇರುವಂಥವು; ನಾನು ಹತ್ತನೇ ವಯಸ್ಸಿಗೇ ಈ ಅಣ್ಣನ ಹೆಗಲೇರಿದವಳು. ನೇರವಾಗಿ ನಲವತ್ತನೇ ಪುಟಕ್ಕೆ ಹಾರಿದೆ. ಗುರುವಾರ ಎಣ್ಣೆ ಇಳಿಸಿದೆ. ಅದು ಅಡುಗೆಮನೆಯ ಮೂರು ದೊಡ್ಡ ಪಾತ್ರೆಗಳನ್ನು ತುಂಬಿ, ನಾಲ್ಕನೆಯದಾಗಿ ಯಜಮಾನರ ಸ್ನಾನದ ಬಕೆಟ್ಟನ್ನು ಆಕ್ರಮಿಸಿತು. ಎಣ್ಣೆಯೊಳಗಿನ ಕಸ ಸೋಸಲು ಚಹಾ ಸೋಸುವ ಜಾಲರಿ ವೀರಮರಣ ಹೊಂದಿತು. ಶುಕ್ರವಾರ ಪಕ್ಕದ ಮುಚ್ಚಳ ಬಿಚ್ಚಿ ವಾಲ್ವನ್ನು ಕನ್ನಡಿಯಂತೆ ಉಜ್ಜಿದೆ. ಒಂದೊಂದು ಸ್ಪ್ಯಾನರ್ ಬೇಕಾದಾಗಲೂ ಕೈ ಚಾಚಿದರೆ ಸಾಕು, ಭಾರದ ಚೀಲ ಅಲ್ಲೇ ಅಣ್ಣನ ಎಡಗಡೆಯ ಲಿವರ್‌ಗೆ ನೇತಾಡುತ್ತಿತ್ತು. (ಮೊದಲು ಆ ಚೀಲ ನೆಲದ ಮೇಲಿರುತ್ತಿತ್ತು. ಬಗ್ಗಿ ಬಗ್ಗಿ ನನ್ನ ಸೊಂಟ ಹೋಯಿತು, ಶೆಡ್ಡಿನ ಗೋಡೆಗೊಂದು ಮೊಳೆ ಹೊಡೆದುಕೊಡಿ ಎಂದು ಯಜಮಾನರನ್ನು ಆರು ತಿಂಗಳು ಕೇಳಿದ್ದೆ. ನಾಳೆ, ನಾಳೆ ಎಂದರು. ಸೋಮವಾರ ನಸುಕಿನಲ್ಲಿ ನಾನೇ ಜಾಗ ಹುಡುಕಿಕೊಂಡಿದ್ದೆ.)

ಶನಿವಾರ ಮುಚ್ಚಳ ಹಾಕಲು ಹೊರಟರೆ ನಡುವೆ ಕೂರಿಸುವ ಗ್ಯಾಸ್ಕೆಟ್ ಹರಿದಿತ್ತು. ದಪ್ಪನೆಯ, ಎಣ್ಣೆಗೆ ಜಗ್ಗದ ಕಾಗದ ಬೇಕು. ಮನೆಯೆಲ್ಲ ಜಾಲಾಡಿದೆ. ನಡುಮನೆಯ ಗೋಡೆಯ ಮೇಲೆ, ಹಿತ್ತಾಳೆ ತಲೆಯ ಮೊಳೆಗೆ, ಗಾಜಿನ ಚೌಕಟ್ಟಿನೊಳಗೆ ಅದು ಕಂಡಿತು. ಮೂವತ್ತು ವರ್ಷ ಒಂದು ದಿನವೂ ತಡವಾಗಿ ಬಾರದ್ದಕ್ಕೆ ಯಜಮಾನರಿಗೆ ಕಚೇರಿಯವರು ಕೊಟ್ಟ ಪ್ರಶಸ್ತಿಪತ್ರ. ಒಂದು ಕ್ಷಣ ಹಿಂಜರಿದೆ. ಮೊಳೆಯೊಂದಕ್ಕೆ ಆರು ತಿಂಗಳು ತೆಗೆದುಕೊಂಡ ಮನುಷ್ಯನಿಗೆ ಈ ಪ್ರಶಸ್ತಿ ಹೇಗೆ ಬಂತೆಂದು ಯೋಚಿಸಿದ ಮೇಲೆ ಕತ್ತರಿ ಸಲೀಸಾಗಿ ಓಡಿತು. ಚೌಕಟ್ಟೆಲ್ಲಿ ಎಂದು ಸಂಜೆ ಅವರು ಕೇಳಿದಾಗ, ಗಾಜು ಒರೆಸಲು ತೆಗೆದಿಟ್ಟಿದ್ದೇನೆ ಎಂದೆ.

ಎಣ್ಣೆ ತುಂಬಿದೆ, ಇಂಜಿನ್ ಹಚ್ಚಿದೆ, ಲಿಫ್ಟಿನ ಹಿಡಿಯನ್ನು ಮೇಲಕ್ಕೆ ಎಳೆದೆ. ಏಳಲಿಲ್ಲ. ನಾನು ಶೆಡ್ಡಿನಲ್ಲೇ ಕೂತು ಸ್ವಲ್ಪ ಅತ್ತೆ. ಆಮೇಲೆ ಮುಖ ತೊಳೆದುಕೊಂಡು, ಎಲ್ಲ ಸರಿಯಾಗಿದೆ ಎಂಬ ಮುಖ ಹೊತ್ತು ಒಳಗೆ ಹೋದೆ.

ಭಾನುವಾರ ಗುಜರಿಯವನು ಹೇಳಿದ ಹೊತ್ತಿಗೇ ಬಂದ. ನಾನು ಆಗಲೇ ಸೀಟಿನ ಮೇಲೆ ಕೂತು ಇಂಜಿನ್ ಹಚ್ಚಿ, ಕ್ಲಚ್ಚು ತುಳಿದುಕೊಂಡು, ಲಿಫ್ಟಿನ ಹಿಡಿ ಎಳೆದುಕೊಂಡು ಕಾದಿದ್ದೆ. ಅವನು ಅಣ್ಣನನ್ನು ಒಂದು ಸುತ್ತು ಬಂದು, ನೇಗಿಲಿನ ಮೇಲೆ ಕಾಲಿಟ್ಟು ನಿಂತ.

“ಇಳಿ ಕಣೇ, ಅವ್ರಿಗೆ ಹೊತ್ತಾಗುತ್ತೆ” ಎಂದರು ಯಜಮಾನರು. ದನಿ ಮೆತ್ತಗಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

“ಇಳಿಯಲ್ಲ. ಬೇಕಾದ್ರೆ ನನ್ನನ್ನೂ ಸೇರ್ಸಿ ತೂಕ ಹಾಕ್ಲಿ.”

ಗುಜರಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಬರಿಗೈಯಲ್ಲಿ ಜಗಳವಾಡುವುದು ಸರಿಯಲ್ಲವೆನಿಸಿ, ದೊಡ್ಡ ಸ್ಪ್ಯಾನರಿಗಾಗಿ ಚೀಲಕ್ಕೆ ಕೈ ಹಾಕಿದೆ. ಚೀಲದ ಹಿಡಿ ಲಿವರ್‌ಗೆ ಸಿಕ್ಕಿಕೊಂಡಿತ್ತು. ಸಿಟ್ಟಿನಿಂದ ಮೇಲಕ್ಕೆ ಜಗ್ಗಿದೆ. ಚೀಲದ ಜೊತೆ ಲಿವರೂ ಮೇಲೆ ಬಂದು ಖಟ್ಟೆಂದು ಕೂತಿತು. ಕ್ಲಚ್ಚಿನಿಂದ ಕಾಲು ತೆಗೆದೆ. ಅಣ್ಣ ಒಮ್ಮೆ ನರಳಿ, ನೇಗಿಲನ್ನೂ ಗುಜರಿಯವನ ಒಂದು ಕಾಲನ್ನೂ ಒಟ್ಟಿಗೆ ಮೇಲೆತ್ತಿದ. ಗುಜರಿಯವನು ಇನ್ನೊಂದು ಕಾಲಿನಲ್ಲಿ ಕುಂಟುತ್ತ ಬಾಗಿಲಿನವರೆಗೆ ಹೋದ.

“ನೋಡಿದ್ರಾ? ಮೂರು ದಿನ ವಾಲ್ವ್ ಉಜ್ಜಿದ್ದು” ಎಂದೆ. ಯಜಮಾನರು ಅಣ್ಣನನ್ನು ನೋಡುತ್ತಿರಲಿಲ್ಲ, ನನ್ನ ಕೈಯಲ್ಲಿದ್ದ ಚೀಲವನ್ನು ನೋಡುತ್ತಿದ್ದರು.

ಮಧ್ಯಾಹ್ನ, ಯಾರೂ ಇಲ್ಲದಾಗ, ಕೈಪಿಡಿಯ ಮೊದಲನೇ ಪುಟ ತೆರೆದೆ. ಲಿಫ್ಟ್ ಏಳದಿದ್ದರೆ ಏನನ್ನೂ ಬಿಚ್ಚುವ ಮುನ್ನ ಎಡಗಡೆಯ ಲಿವರ್ ಮೇಲಿದೆಯೇ ನೋಡಿ, ಅದು ಕೆಳಗಿದ್ದರೆ ಪಂಪು ತಿರುಗುವುದೇ ಇಲ್ಲ ಎಂದಿತ್ತು. ಅಪ್ಪ ಅದರ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದರು. ಪುಸ್ತಕ ಮುಚ್ಚಿ ಬಾಯಿಗೆ ಬೀಗ ಹಾಕಿಕೊಂಡೆ. ಅಷ್ಟರಲ್ಲಿ ಮೆಕ್ಯಾನಿಕ್‌ಗೆ ಫೋನ್ ಮಾಡಿ ವಾಲ್ವ್ ಉಜ್ಜುವುದನ್ನು ಹೇಳಿಕೊಟ್ಟೂ ಆಗಿತ್ತು.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದರೆ, ಅಣ್ಣನ ಪಕ್ಕದ ಗೋಡೆಯಲ್ಲಿ, ನನ್ನ ಕೈಗೆ ಸರಿಯಾಗಿ ಎಟುಕುವ ಎತ್ತರದಲ್ಲಿ, ಒಂದು ಮೊಳೆ. ಸ್ಪ್ಯಾನರ್ ಚೀಲ ಅದರಲ್ಲಿ ನೇತಾಡುತ್ತಿತ್ತು. ಚೀಲ ಸರಿಸಿ ನೋಡಿದೆ. ಮೊಳೆಗೆ ಹಿತ್ತಾಳೆಯ ತಲೆಯಿತ್ತು.

ನಡುಮನೆಗೆ ಬಂದೆ. ಗೋಡೆಯಲ್ಲಿ ತೂತು ಮಾತ್ರ ಉಳಿದಿತ್ತು. ಅದರ ಕೆಳಗೆ ಕೂತು ಯಜಮಾನರು ಪೇಪರ್ ಓದುತ್ತಿದ್ದರು.

“ನನ್ನ ಪ್ರಶಸ್ತಿ ಹೇಗಿದೆ?” ಎಂದರು, ಪೇಪರಿನಿಂದ ಕಣ್ಣು ತೆಗೆಯದೆ.

“ಒಂದು ತೊಟ್ಟೂ ಸೋರ್ತಿಲ್ಲ” ಎಂದೆ, ತಲೆ ತಗ್ಗಿಸದೆ.