ತಣ್ಣನೆ ತಂತಿಯ ಬಿಸಿ ಲೆಕ್ಕ

ನಾನು ಎಷ್ಟೇ ಗಂಭೀರವಾಗಿ ಪಾಠ ಶುರು ಮಾಡಿದರೂ ಅದು ನಗೆಯಲ್ಲೇ ಮುಗಿಯುತ್ತಿತ್ತು. ತಪ್ಪು ನನ್ನದಲ್ಲ, ಕೇಳಿ ನೀವೇ ಹೇಳಿ.

ಎಪ್ಪತ್ತರ ದಶಕ. ವಿಜಯನಗರದ ಕಡೆ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲೆಕ್ಚರರ್ ಆಗಿದ್ದೆ. ನನ್ನ ಸಬ್ಜೆಕ್ಟು ಸೂಪರ್ ಕಂಡಕ್ಟರ್. ಅಂದರೆ, ವಿಪರೀತ ತಣ್ಣಗೆ ಮಾಡಿದರೆ ತಡೆಯೇ ಇಲ್ಲದೆ ಕರೆಂಟು ಹರಿಸುವ ತಂತಿ. ಆದರೆ ಕರೆಂಟು ಹಿಂದೆ ಮುಂದೆ ಆಡಿದರೆ ಅದೂ ಒಂಚೂರು ಬಿಸಿಯಾಗುತ್ತದೆ, ಶಕ್ತಿ ಪೋಲಾಗುತ್ತದೆ. ತಂತಿಯನ್ನು ಕಾಗದದ ಮೇಲೆ ತೆಳು ಹೋಳು ಮಾಡಿ, ಒಂದೊಂದು ಹೋಳಿನ ನಷ್ಟ ಕೂಡಿಸಿ, ಕಂಪ್ಯೂಟರಿನಿಂದ ಲೆಕ್ಕ ತೆಗೆಯುವುದನ್ನು ನಾನು ಕಲಿಸಬೇಕು. ನಮ್ಮ ಕಾಲೇಜಿನಲ್ಲಿ ಆ ತಂತಿಯೂ ಇರಲಿಲ್ಲ, ಕಂಪ್ಯೂಟರೂ ಇರಲಿಲ್ಲ.

ನಮ್ಮ ವಿಭಾಗದ ಹೆಡ್ಡಿಗೆ ಇದು ಸುತರಾಂ ಹಿಡಿಸಿರಲಿಲ್ಲ. "ನೋಡಿ ಮೇಡಂ, ಈ ಸಲ ವೈವಾಗೆ ಹೊರಗಿನ ಪರೀಕ್ಷಕರು ಬರ್ತಾರೆ. ಅವರು ಒಪ್ಪಿದ್ರೆ ಸರಿ. ಇಲ್ಲ ಅಂದ್ರೆ ಸಬ್ಜೆಕ್ಟ್ ಮುಚ್ಚಿ, ನೀವು ಫಸ್ಟ್ ಇಯರ್ ಡ್ರಾಯಿಂಗ್ ತಗೊಳ್ಳಿ" ಅಂದುಬಿಟ್ಟರು. ನಾನೇ ಹಟ ಹಿಡಿದು ತಂದ ಸಬ್ಜೆಕ್ಟು ಅದು.

ಮೈನಸ್

ಹೊರಗಡೆ ಕಂಪ್ಯೂಟರಿಗೆ ಕೊಟ್ಟು ತಂದ ಮೊದಲ ಉತ್ತರದಲ್ಲೇ ನಷ್ಟ ಮೈನಸ್ ಬಂತು. ಎಲ್ಲೋ ಚಿಹ್ನೆ ತಪ್ಪಿತ್ತು ಅಷ್ಟೆ. ಆದರೆ ಹುಡುಗನೊಬ್ಬ ನನಗೆ ತೋರಿಸುವ ಮೊದಲೇ ಹೆಡ್ಡಿನ ರೂಮಿಗೆ ಓಡಿದ. "ಸಾರ್, ನಮ್ಮ ತಂತಿಲಿ ಶಕ್ತಿ ಪೋಲಾಗ್ತಾ ಇಲ್ಲ. ತಂತೀನೇ ಶಕ್ತಿ ಕೊಡ್ತಾ ಇದೆ."

ಆವತ್ತು ಪವರ್ ಕಟ್. ಹೆಡ್ಡು ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತಾ ಕೂತಿದ್ದರು. "ಸಂತೋಷ ಕಣಪ್ಪ. ಮೊದಲು ನನ್ನ ಫ್ಯಾನಿಗೆ ಕೊಡು" ಅಂದರು.

ಉಪ್ಪಿನಕಾಯಿ

ಕರೆಂಟು ಹುಟ್ಟಿಸುವ ಅಯಸ್ಕಾಂತದ ಪ್ರಭಾವ ತಂತಿಯ ಒಳಕ್ಕೆ ಒಂದೇ ಸಲ ನುಗ್ಗುವುದಿಲ್ಲ, ಹೊರಗಿನಿಂದ ಮೆಲ್ಲಗೆ ಇಳಿಯುತ್ತದೆ. ಇದು ಯಾರ ತಲೆಗೂ ಹತ್ತಲಿಲ್ಲ. ಸಾಕಾಗಿ, "ಮಾವಿನಕಾಯಿ ಹೋಳಿಗೆ ಉಪ್ಪು ಇಳಿಯೋ ಹಾಗೆ ಕಣ್ರೋ. ಅಂಚು ಉಪ್ಪು, ನಡು ಸಪ್ಪೆ" ಅಂದೆ. ಎಲ್ಲರ ಮುಖವೂ ಅರಳಿತು. ನನಗೂ ಬಲು ಹೆಮ್ಮೆಯಾಯಿತು.

ಟೆಸ್ಟಿನಲ್ಲಿ ಒಬ್ಬಳು ಹುಡುಗಿ ಸೊಗಸಾಗಿ ಬರೆದಿದ್ದಳು. ಕೊನೆಯ ಸಾಲು ಮಾತ್ರ ಹೀಗಿತ್ತು: "ತಂತಿಗೆ ಒದ್ದೆ ಕೈ ತಾಗಿಸಬಾರದು." ಅದೂ ನಿಜವೇ ಅನ್ನಿ. ಅಷ್ಟು ತಣ್ಣಗಿರುವ ತಂತಿಗೆ ಒದ್ದೆ ಕೈ ಇಟ್ಟರೆ ಕೈ ಅಲ್ಲೇ ಅಂಟಿಕೊಳ್ಳುತ್ತದೆ. ಅರ್ಧ ಮಾರ್ಕು ಜಾಸ್ತಿ ಕೊಟ್ಟೆ.

ಆಯುಧಪೂಜೆ

ಪ್ರೋಗ್ರಾಮಿನ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಕಾರ್ಡು. ಅದರಲ್ಲಿ ತೂತು ಹೊಡೆಸಿ, ಕಟ್ಟು ಕಟ್ಟಿ, ಬಸ್ಸು ಹತ್ತಿ ಊರಿನ ಆ ಕಡೆಯ ಕಂಪ್ಯೂಟರ್ ಸೆಂಟರಿಗೆ ಕೊಟ್ಟು ಬರಬೇಕು. ಉತ್ತರ ಮಾರನೇ ದಿನ.

ಆಯುಧಪೂಜೆಗೆ ಲ್ಯಾಬಿನ ಮೋಟರಿಗೆಲ್ಲ ಅರಿಶಿನ ಕುಂಕುಮ ಹಚ್ಚಿದ ಹುಡುಗರು, ನಮ್ಮ ಆಯುಧ ಯಾವುದು ಅಂತ ಯೋಚಿಸಿ ಕಾರ್ಡಿನ ಕಟ್ಟಿಗೂ ಹಚ್ಚಿದರು. ಮೇಲೊಂದು ಮೂರು ಬೆರಳ ವಿಭೂತಿ ಬೇರೆ. ಒದ್ದೆ ಅರಿಶಿನಕ್ಕೆ ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡು, ಅಲ್ಲಿನ ಮಷೀನಿನ ಗಂಟಲಲ್ಲಿ ಸಿಕ್ಕಿಕೊಂಡವು. ಆಪರೇಟರ್ ಕಟ್ಟನ್ನು ವಾಪಸ್ ಮಾಡುತ್ತಾ, "ಮೇಡಂ, ನಮ್ಮ ಮಷೀನಿನ ಹಲ್ಲೆಲ್ಲಾ ಹಳದಿ ಮಾಡಿಬಿಟ್ರಿ" ಅಂದ. ನನಗೆ ತಲೆ ಎತ್ತಲಾಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ, ಪೂಜೆ ಮಾಡಿದ್ದ ಹುಡುಗರಲ್ಲೊಬ್ಬ ನನ್ನನ್ನು ಸಮಾಧಾನ ಮಾಡಿದ. "ಬಿಡಿ ಮೇಡಂ. ಆ ಮಷೀನಿಗೆ ಈ ವರ್ಷ ಯಾರೂ ಪೂಜೆ ಮಾಡಿರಲಿಲ್ಲ ಅಂತ ಕಾಣುತ್ತೆ."

ವೈವಾ

ಪರೀಕ್ಷಕರು ಬಂದರು. ಹಿರಿಯರು, ನಗುವ ಪೈಕಿ ಅಲ್ಲ. ಹೆಡ್ಡು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಮೊದಲು ಹೋದ ಇಬ್ಬರು ಸೂತ್ರವನ್ನೇ ತಪ್ಪು ಹೇಳಿ ಬಂದರು. ಮೂರನೆಯವನು ರಾಜಾಜಿನಗರದ ಬಟ್ಟೆ ಅಂಗಡಿಯವರ ಮಗ. ದಿನಾ ಸಂಜೆ ಕಾಲೇಜು ಬಿಟ್ಟ ಕೂಡಲೇ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಕೂರುತ್ತಿದ್ದ. ಇವನೂ ಕೈಕೊಟ್ಟರೆ ನನ್ನ ಕಥೆ ಮುಗಿದ ಹಾಗೆ.

ಪರೀಕ್ಷಕರು ಅವನ ಉತ್ತರ ನೋಡಿ ಹುಬ್ಬು ಗಂಟು ಹಾಕಿದರು. "ನಷ್ಟ ಇಷ್ಟೊಂದಾ? ಜಾಸ್ತಿ ಆಯ್ತು."

"ಇಲ್ಲ ಸಾರ್, ಈ ದಪ್ಪಕ್ಕೆ ಇದೇ ಸರಿಯಾದ್ದು. ಬೇಕಾದ್ರೆ ಬೇರೆ ಕಡೆ ವಿಚಾರಿಸಿ ನೋಡಿ."

ಹೆಡ್ಡು ಆರಾಮಾಗಿ ಕಾಲ ಮೇಲೆ ಕಾಲು ಹಾಕಿಕೊಂಡರು.

"ಕಡಿಮೆ ಆಗಲ್ವಾ?" ಅಂದರು ಪರೀಕ್ಷಕರು.

"ಯಾಕಾಗಲ್ಲ ಸಾರ್, ಮಾಡಿಕೊಡೋಣ. ಇದನ್ನೇ ಸಣ್ಣ ಎಳೆಗಳಲ್ಲಿ ತಗೊಳ್ಳಿ. ಎಳೆ ಅರ್ಧ ದಪ್ಪ ಆದ್ರೆ ನಷ್ಟಾನೂ ಅರ್ಧ." ಕೆಳಗಿನಿಂದ ಇನ್ನೊಂದು ಪ್ರಿಂಟ್‌ಔಟ್ ಎಳೆದು ಮೇಜಿನ ಮೇಲೆ ಸೀರೆ ಹರಡಿದ ಹಾಗೆ ಹರಡಿದ. "ಆದ್ರೆ ಎಳೆಗಳಿಗೆ ಹುರಿ ಹಾಕಿರಬೇಕು ಸಾರ್. ಇಲ್ಲಾಂದ್ರೆ ಎಲ್ಲಾ ಸೇರಿ ಒಂದೇ ದಪ್ಪ ತಂತಿ ಥರ ಆಡ್ತವೆ."

"ಇನ್ನೂ ಇಳಿಸು."

"ಇನ್ನೂ ಸಣ್ಣ ಎಳೆ ಇದೆ ಸಾರ್. ಪೂರ್ತಿ ಸೊನ್ನೆ ಮಾಡು ಅಂದ್ರೆ ಮಾತ್ರ ಗಿಟ್ಟಲ್ಲ."

ಪರೀಕ್ಷಕರು ಕನ್ನಡಕ ತೆಗೆದು ಹೆಡ್ಡಿನ ಕಡೆ ತಿರುಗಿದರು. "ನಾನು ಕೇಳಬೇಕು ಅಂದ್ಕೊಂಡಿದ್ದೆಲ್ಲಾ ಇವನೇ ಹೇಳಿಬಿಟ್ಟ. ಈ ಸಬ್ಜೆಕ್ಟ್ ನಿಲ್ಲಿಸಬೇಡಿ ಸ್ವಾಮಿ." ಹೆಡ್ಡು ಕಾಲು ಕೆಳಗಿಳಿಸಿದರು. ನನಗೆ ಕಣ್ಣಲ್ಲಿ ನೀರೇ ಬಂತು.

ಹುಡುಗನಿಗೆ ಇದ್ಯಾವುದರ ಪರಿವೆಯೂ ಇಲ್ಲ. ಹರಡಿದ ಕಾಗದವನ್ನೆಲ್ಲ ನೀಟಾಗಿ ಮಡಿಸಿಟ್ಟು ಕೇಳಿದ, "ಬೇರೆ ಏನು ತೋರಿಸಲಿ ಸಾರ್?"

ಪರೀಕ್ಷಕರು ಎದ್ದೇ ಬಿಟ್ಟರು. "ಸಾಕಪ್ಪ. ಮನೆಯವರನ್ನ ಕರ್ಕೊಂಡು ಬರ್ತೀನಿ."